ಕನಿಷ್ಠ ಕೂಲಿ ಜಾಸ್ತಿ ಮಾಡಿದ್ರೆ ಏನಾಗುತ್ತೆ? ಶಿವಮೊಗ್ಗ ಕಡೆ ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲು ನಾನ್ಯಾರು ಅಂತ ಹೇಳ್ಬಿಡ್ತೀನಿ. ಹದಿನಾಲ್ಕು ವರ್ಷ ಬೇರೆ ಬೇರೆ ಕಡೆ ಸಂಬಳದ ಲೆಕ್ಕ ಬರೆದವನು, ಈಗ ಹೊಸನಗರದ ಹತ್ರ ಒಂದೂವರೆ ಎಕರೆ ಅಡಿಕೆ ತೋಟ ನೋಡ್ಕೊಂಡು, ವಾರಕ್ಕೆ ಎರಡು ದಿನ ಶಿವಮೊಗ್ಗಕ್ಕೆ ಬಂದು ನಾಲ್ಕೈದು ಸಣ್ಣ ಅಂಗಡಿಯವರಿಗೆ ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಫೈಲಿಂಗ್ ಮಾಡ್ಕೊಡ್ತೀನಿ. ಹಂಗಾಗಿ ಕೂಲಿ ಕೊಡೋರೂ ನನ್ನನ್ನೇ ಕೇಳ್ತಾರೆ, ಕೂಲಿ ತಗೊಳ್ಳೋರೂ ನನ್ನನ್ನೇ ಕೇಳ್ತಾರೆ, ಬಸ್ಸಲ್ಲಿ ಪಕ್ಕ ಕೂತವರೂ ಬಿಡಲ್ಲ. ಹೇಳಿದ್ದನ್ನೇ ಹೇಳಿ ಗಂಟಲು ಹೋಯ್ತು, ಅದಕ್ಕೇ ಒಂದ್ಸಲ ಬರೆದಿಟ್ಟಿದೀನಿ.

ಕನಿಷ್ಠ ವೇತನ ಅಂದ್ರೆ ಸರ್ಕಾರ ಕೊಡೋ ದುಡ್ಡಾ?

ಅಲ್ಲ ಮಾರಾಯ್ರೆ. ಕೊಡೋದು ಮಾಲೀಕರು. ಇದಕ್ಕಿಂತ ಕಮ್ಮಿ ಕೊಡೋ ಹಾಗಿಲ್ಲ ಅಂತ ಸರ್ಕಾರ ಒಂದು ಗೆರೆ ಎಳೆಯುತ್ತೆ, ಅಷ್ಟೇ. ಗೆರೆ ಮೇಲೆ ಎಷ್ಟು ಬೇಕಾದ್ರೂ ಕೊಡಿ.

ನಮ್ಮ ದೇಶದಲ್ಲಿ ಇದಕ್ಕೆ 1948ರಿಂದ ಕನಿಷ್ಠ ವೇತನ ಕಾಯ್ದೆ ಇತ್ತು. ಆ ಕಾಯ್ದೆಯಲ್ಲಿ ಒಂದು ಪಟ್ಟಿ, ಪಟ್ಟಿಯಲ್ಲಿರೋ ಕೆಲಸಕ್ಕೆ ಮಾತ್ರ ದರ, ಪಟ್ಟಿಯಲ್ಲಿ ಇಲ್ದೋರು ದೇವರ ಮೇಲೆ ಭಾರ ಹಾಕ್ಬೇಕು. 2019ರಲ್ಲಿ ವೇತನ ಸಂಹಿತೆ ಅಂತ ಹೊಸದು ಪಾಸಾಯ್ತು, ಆರು ವರ್ಷ ಫೈಲಲ್ಲೇ ಮಲಗಿತ್ತು, 2025ರ ನವೆಂಬರ್ 21ರಿಂದ ಜಾರಿ ಅಂತ ಕೇಂದ್ರ ಹೇಳ್ತು. ಇದರಲ್ಲಿ ಪಟ್ಟಿ ಗಲಾಟೆ ಇಲ್ಲ, ಯಾವ ಕೆಲಸ ಆದ್ರೂ ಕನಿಷ್ಠ ವೇತನ ಉಂಟು. ದರ ನಿಗದಿ ಮಾಡೋದು ಹೆಚ್ಚಾಗಿ ರಾಜ್ಯ ಸರ್ಕಾರನೇ, ಆದ್ರೆ ಕೇಂದ್ರ ಹೇಳೋ ತಳದ ದರಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ. ಮೊದಲೂ ಒಂದು ತಳದ ದರ ಇತ್ತು, 2017ರಲ್ಲಿ ದಿನಕ್ಕೆ 176 ರೂಪಾಯಿ ಅಂತ ಮಾಡಿದ್ರು, ಆದ್ರೆ ಅದಕ್ಕೆ ಕಾನೂನಿನ ಬಲ ಇರ್ಲಿಲ್ಲ, ಬರೀ ಸಲಹೆ ಅಷ್ಟೇ.

ಎಷ್ಟು ವರ್ಷಕ್ಕೆ ಒಂದ್ಸಲ ಜಾಸ್ತಿ ಮಾಡ್ತಾರೆ?

ಎರಡು ಥರ ಜಾಸ್ತಿ ಆಗುತ್ತೆ, ಜನ ಎರಡನ್ನೂ ಕಲಸ್ಕೊಂಡು ಕೂತಿರ್ತಾರೆ. ಒಂದು, ಮೂಲ ದರಾನೇ ಪರಿಷ್ಕರಣೆ ಮಾಡೋದು. ಇದನ್ನ ಐದು ವರ್ಷದೊಳಗೆ ಒಂದ್ಸಲ ಮಾಡ್ಬೇಕು ಅಂತ ಕಾನೂನು, ಟೈಮಿಗೆ ಸರಿಯಾಗಿ ಆಗೋದು ಅಪರೂಪ. ಇನ್ನೊಂದು ತುಟ್ಟಿಭತ್ಯೆ, ನಾವು ಲೆಕ್ಕದೋರು ವಿಡಿಎ ಅಂತೀವಿ. ಬೆಲೆ ಸೂಚ್ಯಂಕ ಎಷ್ಟು ಪಾಯಿಂಟ್ ಏರ್ತೋ ಅಷ್ಟು ಪೈಸೆ ಲೆಕ್ಕ ಹಾಕಿ ಪ್ರತಿ ಏಪ್ರಿಲ್ 1ರಿಂದ ಸೇರಿಸ್ಬೇಕು. ಇದು ಸಂಬಳ ಜಾಸ್ತಿ ಆದ ಹಂಗಲ್ಲ, ಅಕ್ಕಿ ಬೇಳೆ ರೇಟು ಏರಿದ್ದಕ್ಕೆ ಸರಿದೂಗಿಸೋದು ಅಷ್ಟೇ. ವಿಡಿಎ ಕೊಟ್ಟು "ಈ ವರ್ಷ ಇನ್‌ಕ್ರಿಮೆಂಟ್ ಕೊಟ್ಟೆ" ಅನ್ನೋ ಮಾಲೀಕರನ್ನ ನಾನು ಬೇಕಾದಷ್ಟು ನೋಡಿದೀನಿ.

ಇದು ಸಣ್ಣ ವಿಷಯ ಅನ್ಕೋಬೇಡಿ. 2020ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್‌ನವರಿಗೆ ಸೇರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಕೊರೋನಾ ನೆಪದಲ್ಲಿ ಅದನ್ನ ತಡೆದ್ರು, ವಿಷಯ ಹೈಕೋರ್ಟಿಗೆ ಹೋಯ್ತು, ಎಷ್ಟೋ ಫ್ಯಾಕ್ಟರಿಗಳಲ್ಲಿ ಹಳೇ ಬಾಕಿ ಕೈಗೆ ಬರೋದ್ರೊಳಗೆ ಎರಡು ವರ್ಷ ಆಗ್ಹೋಯ್ತು. 417 ರೂಪಾಯಿ ಅಂದ್ರೆ ಒಂದು ಮನೆಯ ಹಾಲಿನ ಲೆಕ್ಕ ಹತ್ತು ದಿನದ್ದು.

2025ರಲ್ಲಿ 19 ಸಾವಿರ ಅಂತ ಬಂದಿತ್ತಲ್ಲ, ಅದು ಎಂತ?

ಅದು ಕರಡು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ್ದು. ಅದುವರೆಗೂ ಊರುಗಳನ್ನ ನಾಲ್ಕು ವಲಯ ಅಂತ ವಿಂಗಡಿಸಿದ್ದನ್ನ ಮೂರು ಮಾಡೋದು, ಕೌಶಲ ಇಲ್ಲದ ಕೆಲಸಕ್ಕೆ ಮೂರನೇ ವಲಯದಲ್ಲಿ ತಿಂಗಳಿಗೆ 19,319 ರೂಪಾಯಿ, ಮೊದಲನೇ ವಲಯ ಅಂದ್ರೆ ಬೆಂಗಳೂರಲ್ಲಿ 23,376 ರೂಪಾಯಿ ಅನ್ನೋ ಪ್ರಸ್ತಾಪ. ಕರಡು ಅಂದ್ಮೇಲೆ ಆಕ್ಷೇಪಣೆ ಕೇಳ್ತಾರೆ, ಮಾಲೀಕರ ಸಂಘಗಳು ಆಗಲ್ಲ ಅಂತವೆ, ಕಾರ್ಮಿಕ ಸಂಘಗಳು ಇದೂ ಸಾಲದು ಅಂತವೆ. ಹಂಗಾಗಿ ವಾಟ್ಸಾಪಲ್ಲಿ ಬಂದ ಪಟ್ಟಿ ಹಿಡ್ಕೊಂಡು ಮಾಲೀಕರ ಹತ್ರ ಜಗಳಕ್ಕೆ ಹೋಗ್ಬೇಡಿ, ಗೆಜೆಟ್‌ನಲ್ಲಿ ಬಂದ ಅಂತಿಮ ಆದೇಶ ಯಾವುದೋ ಅದು ಲೆಕ್ಕಕ್ಕೆ. ಕಾರ್ಮಿಕ ಇಲಾಖೆ ಆಫೀಸಿಗೆ ಹೋಗಿ ಕೇಳಿದ್ರೆ ನಿಮ್ಮ ಕೆಲಸದ ಹಾಲಿ ದರ ಹೇಳ್ತಾರೆ.

ತಿಂಗಳ ದರಾನ ದಿನಕ್ಕೆ ಇಳಿಸೋವಾಗ 30ರಿಂದ ಭಾಗಿಸ್ಬೇಡಿ, 26ರಿಂದ ಭಾಗಿಸಿ, ಯಾಕಂದ್ರೆ ವಾರದ ರಜೆಯೂ ಅದರೊಳಗೇ ಬಂತು. 19,319 ಅಂದ್ರೆ ದಿನಕ್ಕೆ 743. ಮೂವತ್ತರಿಂದ ಭಾಗಿಸಿದ್ರೆ 644. ನೂರು ರೂಪಾಯಿ ಅಲ್ಲೇ ಹಾರಿಹೋಯ್ತು ನೋಡಿ, ಯಾರೂ ಕದ್ದಿಲ್ಲ, ಬರೀ ಭಾಗಾಕಾರ.

ಈ ದರ ಯಾವ ಲೆಕ್ಕದಲ್ಲಿ ಹಾಕ್ತಾರೆ? ಬಾಯಿಗೆ ಬಂದಿದ್ದಾ?

1957ರಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಒಂದು ಸೂತ್ರ ಮಾಡಿದ್ರು. ದುಡಿಯೋರು ಒಬ್ಬರು, ಅವರನ್ನ ನಂಬಿದ ಸಂಸಾರ, ಒಟ್ಟು ಮೂರು ಘಟಕ ಅಂತ ಲೆಕ್ಕ. ಒಂದೊಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲರಿ ಊಟ, ಇಡೀ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ ಬೇರೆ, ಸೌದೆ ದೀಪ ಇತ್ಯಾದಿಗೆ ಒಟ್ಟು ಕೂಲಿಯ ಶೇಕಡಾ 20. ಆಮೇಲೆ ರೆಪ್ಟಕೋಸ್ ಬ್ರೆಟ್ ಅನ್ನೋ ಕಂಪನಿಯ ಕೇಸಲ್ಲಿ ಸುಪ್ರೀಂ ಕೋರ್ಟು, ಮಕ್ಕಳ ಓದು, ಔಷಧಿ, ಮದುವೆ ಮುಂಜಿ, ಮುಪ್ಪಿನ ಕಾಲಕ್ಕೆ ಅಂತ ಇನ್ನೂ ಶೇಕಡಾ 25 ಸೇರಿಸಿ ಅಂತು. ನಿಜವಾಗ್ಲೂ ಈ ಸೂತ್ರದಂತೆ ಹಾಕಿದ್ರೆ ಎಷ್ಟು ಬರುತ್ತೆ ಅಂತ ಗಾಂಧಿ ಬಜಾರಿನ ರೇಟಿಟ್ಕೊಂಡು ಒಂದ್ಸಲ ಕೂತು ಲೆಕ್ಕ ಹಾಕಿ. 72 ಗಜ ಬಟ್ಟೆಗೇ ಪೆನ್ನು ನಿಂತ್ಬಿಡುತ್ತೆ.

ತೋಟದವರಿಗೆ ಇದರಿಂದ ಹೊಡೆತ ಅಂತಾರೆ, ಹೌದಾ?

ಇದು ನಮ್ಮ ಕಡೆ ಹೆಚ್ಚು ಕೇಳೋ ಪ್ರಶ್ನೆ, ನನಗೆ ಅಷ್ಟೇ ಸಿಟ್ಟೂ ಬರೋ ಪ್ರಶ್ನೆ. ತೀರ್ಥಹಳ್ಳಿ, ಹೊಸನಗರ, ಸಾಗರ ಈ ಕಡೆ ತೋಟಕ್ಕೆ ಗಂಡಾಳು ಸಿಗೋದೇ ಕಷ್ಟ. ಕೊನೆಗೌಡ, ಅಂದ್ರೆ ಮರ ಹತ್ತಿ ಅಡಿಕೆ ಗೊನೆ ಇಳಿಸೋನು, ಬರ್ತೀನಿ ಅಂದ ದಿನ ಬಂದ ಅಂದ್ರೆ ಅವತ್ತು ಪಾಯಸ ಮಾಡ್ಬೇಕು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯೋರಿಗೆ ಬಾಯಿಬಿಟ್ಟು ಕೇಳಿದಷ್ಟು ಕೊಡ್ತೀವಿ, ಕಾಫಿ ತಿಂಡಿ ಮಧ್ಯಾಹ್ನದ ಊಟ ಬೇರೆ, ಬೈಕಿಗೆ ಪೆಟ್ರೋಲು ಬೇರೆ. ಅಲ್ಲಿ ಕೂಲಿ ಏರಿಸಿದ್ದು ಸರ್ಕಾರದ ಆದೇಶ ಅಲ್ಲ, ಆಳು ಇಲ್ದೇ ಇರೋದು. ಹುಡುಗರೆಲ್ಲ ಬೆಂಗಳೂರು ಸೇರಿದ್ರು, ಉಳಿದೋರಿಗೆ ಬೆಲೆ ಬಂತು.

ಹಂಗಾದ್ರೆ ಬಿಸಿ ಯಾರಿಗೆ ತಟ್ಟುತ್ತೆ? ಪೇಟೆಯವರಿಗೆ. ಬಟ್ಟೆ ಅಂಗಡಿಯಲ್ಲಿ ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಒಂಬತ್ತರ ತನಕ ನಿಂತೇ ಇರೋ ಹುಡುಗೀರು, ಸೆಕ್ಯುರಿಟಿ ಗಾರ್ಡುಗಳು, ಆಸ್ಪತ್ರೆ ಹೌಸ್‌ಕೀಪಿಂಗು, ಪೆಟ್ರೋಲ್ ಬಂಕು, ಹೋಟೆಲ್ ಕ್ಲೀನರು, ಮಾಚೇನಹಳ್ಳಿ ಕಡೆ ಕಾರ್ಖಾನೆಗಳಲ್ಲಿ ಕಾಂಟ್ರಾಕ್ಟ್ ಮೇಲೆ ಇರೋರು. ಇವರಿಗೆ ಸರ್ಕಾರದ ದರ ಅನ್ನೋದು ನೆಲ ಅಲ್ಲ, ಸೂರು. ಅದಕ್ಕಿಂತ ಮೇಲೆ ಯಾರೂ ಕೊಡಲ್ಲ, ಅದು ಏರಿದ್ರೆ ಮಾತ್ರ ಇವರದ್ದು ಏರುತ್ತೆ.

ತೋಟದಲ್ಲೂ ಹೆಂಗಸರ ಕೂಲಿ ಬೇರೆ ಕಥೆ. ಕೆಳಗೆ ಬರ್ತೀನಿ.

ಅಡಿಕೆ ಸುಲಿಯೋರಿಗೆ ದಿನಗೂಲಿ ಇಲ್ವಲ್ಲ, ಡಬ್ಬದ ಲೆಕ್ಕ. ಅವರಿಗೂ ಕನಿಷ್ಠ ವೇತನ ಉಂಟಾ?

ಉಂಟು. ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಕನಿಷ್ಠ ವೇತನದ ನಿಜವಾದ ಜಗಳ ಎಲ್ಲಿರುತ್ತೆ ಅಂತ ಇದರಲ್ಲಿ ಗೊತ್ತಾಗುತ್ತೆ.

ಸುಗ್ಗಿಯಲ್ಲಿ ರಾತ್ರಿ ನಮ್ಮನೆ ಚಪ್ಪರಕ್ಕೆ ಬಂದು ನೋಡಿ. ಹತ್ತು ಹನ್ನೆರಡು ಜನ ಹೆಂಗಸರು ಮೆಟ್ಟುಗತ್ತಿ (ಮಣೆಗೆ ಕೂರಿಸಿದ ಕತ್ತಿ) ಮೇಲೆ ಕೂತಿರ್ತಾರೆ, ಹೆಬ್ಬೆರಳಿಗೆ ಹಳೇ ಸೀರೆ ಚೂರು ಸುತ್ಕೊಂಡು, ಚೊಗರಿಗೆ ಅಂಗೈ ಕಪ್ಪಾಗಿರುತ್ತೆ, ವಾರಗಟ್ಟಲೆ ತೊಳೆದ್ರೂ ಹೋಗಲ್ಲ. ಸುಲಿದ ಅಡಿಕೇನ ಹಳೇ ಎಣ್ಣೆ ಡಬ್ಬಕ್ಕೆ ತುಂಬ್ತಾರೆ, ಡಬ್ಬಕ್ಕೆ ಇಷ್ಟು ಅಂತ ದುಡ್ಡು. ಈಗ ಡಬ್ಬ ತುಂಬಿತು ಅಂದ್ರೆ ಏನು? ಬಾಯಿ ಮಟ್ಟಕ್ಕಾ, ಮೇಲೆ ಗೋಪುರ ಬರ್ಬೇಕಾ? ಯಜಮಾನ ಗೋಪುರ ನೋಡ್ತಾನೆ, ಸುಲಿಯೋರು ಮಟ್ಟ ನೋಡ್ತಾರೆ. ಡಬ್ಬಾನ ಒಂದ್ಸಲ ಕುಲುಕಿದ್ರೆ ನಾಲ್ಕು ಬೆರಳು ಇಳಿಯುತ್ತೆ, ಮತ್ತೆ ತುಂಬಿಸ್ಬೇಕು. ಸಣ್ಣ ಅಡಿಕೆಯ ದಿನ ಡಬ್ಬ ತುಂಬೋಕೆ ಒಂದೂವರೆ ಪಟ್ಟು ಹೊತ್ತು ಬೇಕು, ದರ ಮಾತ್ರ ಅದೇ.

ಕಾನೂನು ಏನನ್ನುತ್ತೆ ಅಂದ್ರೆ, ತುಂಡು ಲೆಕ್ಕದ ಕೆಲಸಕ್ಕೆ ಬೇರೆ ತುಂಡು ದರ ನಿಗದಿ ಆಗಿಲ್ದಿದ್ರೆ ಅವರಿಗೆ ಹೊತ್ತಿನ ಲೆಕ್ಕದ ಕನಿಷ್ಠ ದರ ಆದ್ರೂ ಸಿಗ್ಲೇಬೇಕು. ಅಂದ್ರೆ ಎಂಟು ಗಂಟೆ ಕೂತು ಸುಲಿದೋರಿಗೆ ಡಬ್ಬದ ಲೆಕ್ಕದಲ್ಲಿ ದಿನದ ಕನಿಷ್ಠಕ್ಕಿಂತ ಕಮ್ಮಿ ಬಂದ್ರೆ ಉಳಿದಿದ್ದನ್ನ ತುಂಬಿಕೊಡ್ಬೇಕು. ಕೈ ಚುರುಕಿರೋರಿಗೆ ತೊಂದ್ರೆ ಇಲ್ಲ, ಅವರು ಸಲೀಸಾಗಿ ದಾಟ್ತಾರೆ. ವಯಸ್ಸಾದೋರು, ಹೊಸದಾಗಿ ಕಲಿಯೋ ಸೊಸೆಯಂದ್ರು, ಅವರು ಕೆಳಗೆ ಬೀಳ್ತಾರೆ.

ಅಳತೆ ಜಗಳ ನಮ್ಮ ಮಲೆನಾಡಿಗೆ ಹೊಸದಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಲ್ಲಿ ಗೇಣಿದಾರರು ಎದ್ದು ನಿಂತಾಗ ಇದ್ದ ತಕರಾರುಗಳಲ್ಲಿ ಗೇಣಿ ಭತ್ತ ಅಳೆಯೋ ಕೊಳಗ ಎಷ್ಟು ದೊಡ್ಡದು ಅನ್ನೋದು ದೊಡ್ಡ ತಕರಾರು. ಗಣಪತಿಯಪ್ಪನವರು ಮುಂದೆ ನಿಂತಿದ್ರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ್ರು. ಅವರು ಗೇಣಿದಾರರು, ಕೂಲಿಯವರಲ್ಲ, ಒಪ್ತೀನಿ. ಆದ್ರೆ ದರ ಎಷ್ಟು ಅಂತ ಬಾಯಲ್ಲಿ ಒಪ್ಕೊಂಡು ಕೊಳಗದಲ್ಲಿ ತಿನ್ನೋ ಬುದ್ಧಿ ಇದೆಯಲ್ಲ, ಅದು ಅವತ್ತಿಂದೂ ಇವತ್ತಿಂದೂ ಒಂದೇ.

ಪೇಟೆಯಲ್ಲಿ ಕೊಳಗ ಎಲ್ಲಿದೆ?

ಸ್ಯಾಲರಿ ಸ್ಲಿಪ್ಪಲ್ಲಿ. ನಾನು ಕೆಲಸಕ್ಕಿದ್ದ ಒಂದು ಕಡೆ, ಹೆಸರು ಬೇಡ, ದರ ಏರಿದ ತಿಂಗಳೇ ನನಗೆ ಹೇಳಿದ್ರು, ಈ ಹದಿನೆಂಟು ಜನರ ಹುದ್ದೆ "ಸೆಮಿ ಸ್ಕಿಲ್ಡ್" ಅಂತ ಇದ್ದಿದ್ದನ್ನ "ಅನ್‌ಸ್ಕಿಲ್ಡ್" ಮಾಡು ಅಂತ. ಎಂಟು ವರ್ಷದಿಂದ ಮಷಿನ್ ಓಡಿಸ್ತಿದ್ದೋರು ಒಂದೇ ಕ್ಲಿಕ್ಕಲ್ಲಿ ಕೌಶಲ ಕಳ್ಕೊಂಡ್ರು. ನಾನು ಮಾಡ್ದೆ. ಹೊಟ್ಟೆಪಾಡು, ಮಾಡ್ದೆ. ಇವತ್ತಿಗೂ ಅದರಲ್ಲೊಬ್ಬರು ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ರೆ ನಾನು ಆ ಕಡೆ ತಿರುಗ್ತೀನಿ.

ಇನ್ನೂ ಬೇರೆ ದಾರಿಗಳಿವೆ. ಎಂಟು ಗಂಟೆ ಅಂತ ಬರೆದು ಹನ್ನೊಂದು ಗಂಟೆ ಮಾಡಿಸೋದು, ಓವರ್‌ಟೈಮಿಗೆ ಎರಡು ಪಟ್ಟು ಕೊಡ್ಬೇಕು ಅನ್ನೋದು ಪುಸ್ತಕದಲ್ಲೇ ಉಳಿಯುತ್ತೆ. ವರ್ಷಗಟ್ಟಲೆ ಟ್ರೈನಿ ಅಂತ ಇಟ್ಕೊಳ್ಳೋದು. ಬ್ಯಾಂಕ್ ಅಕೌಂಟಿಗೆ ಪೂರ್ತಿ ಹಾಕಿ ಸಂಜೆ ಕ್ಯಾಶಲ್ಲಿ ಎರಡು ಸಾವಿರ ವಾಪಸ್ ಇಸ್ಕೊಳ್ಳೋದು, ಇದಕ್ಕೆ ದಾಖಲೆನೇ ಸಿಗಲ್ಲ. ಯೂನಿಫಾರ್ಮಿಗೆ, ಊಟಕ್ಕೆ, ಒಡೆದ ಗ್ಲಾಸಿಗೆ ಕಟ್ ಮಾಡೋದು. ದರ ಏರಿಸಿ ಅಂತ ಧರಣಿ ಕೂರೋರು ನೂರು ಜನ ಸಿಗ್ತಾರೆ, ಹಾಜರಿ ಪುಸ್ತಕ ತೋರಿಸಿ ಅಂತ ಕೇಳೋರು ಒಬ್ಬರೂ ಇಲ್ಲ.

ಮಳೆ ಬಂತು ಅಂತ ಮಧ್ಯಾಹ್ನ ಮನೆಗೆ ಕಳಿಸಿದ್ರೆ ಅರ್ಧ ಕೂಲಿನಾ?

ಕೆಲಸ ಮಾಡೋಕೆ ಬಂದೋರು ತಯಾರಿದ್ದು, ಕೆಲಸ ಕೊಡೋರೇ ಕೊಡ್ಲಿಲ್ಲ ಅಂದ್ರೆ ಪೂರ್ತಿ ದಿನದ ಕೂಲಿ, ಇದು ಕಾನೂನಿನ ಸಾಮಾನ್ಯ ನಿಯಮ. ಅವರಾಗೇ ಹೋದ್ರೆ ಬೇರೆ ಮಾತು. ಆಗುಂಬೆ ಕಡೆ ಆಷಾಢದಲ್ಲಿ ಇದನ್ನ ಪಾಲಿಸಿದ್ರೆ ಯಜಮಾನನೇ ಛತ್ರಿ ಹಿಡ್ಕೊಂಡು ಕೂಲಿಗೆ ಹೋಗ್ಬೇಕಾಗುತ್ತೆ ಅಂತ ನಮ್ಮೂರಲ್ಲಿ ತಮಾಷೆ ಮಾಡ್ತಾರೆ. ಅಭ್ಯಾಸದಲ್ಲಿ ಅರ್ಧ ಕೂಲಿನೇ ನಡೀತಿದೆ.

ಕೂಲಿ ಜಾಸ್ತಿ ಮಾಡಿದ್ರೆ ಕೆಲಸ ಹೋಗಲ್ವಾ?

ಅರ್ಥಶಾಸ್ತ್ರಜ್ಞರೇ ಮೂವತ್ತು ವರ್ಷದಿಂದ ಇದರ ಮೇಲೆ ಕಿತ್ತಾಡ್ತಿದಾರೆ. ಮೊದಲು ಎಲ್ಲರೂ ನಂಬಿದ್ದು ಒಂದೇ, ಈರುಳ್ಳಿ ರೇಟು ಏರಿದ್ರೆ ಈರುಳ್ಳಿ ಕಮ್ಮಿ ತಗೋತೀವಿ, ಕೂಲಿ ಏರಿದ್ರೆ ಆಳು ಕಮ್ಮಿ ತಗೋತಾರೆ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಗೆ 4.25 ಡಾಲರ್ ಇದ್ದಿದ್ದನ್ನ 5.05 ಮಾಡ್ತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸ್ಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಅಂತ ಇಬ್ಬರು, ಗಡಿಯ ಎರಡೂ ಕಡೆ ನಾನೂರು ಚಿಲ್ಲರೆ ಫಾಸ್ಟ್‌ಫುಡ್ ಹೋಟೆಲುಗಳಿಗೆ ಫೋನ್ ಮಾಡಿ ಎಷ್ಟು ಜನ ಕೆಲಸಕ್ಕಿದಾರೆ ಅಂತ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ಕೇಳಿದ್ರು. ಕೂಲಿ ಏರಿದ ಕಡೆ ಕೆಲಸ ಕಮ್ಮಿ ಆಗಿರ್ಲಿಲ್ಲ. ತುಂಬಾ ಜನ ಒಪ್ಲಿಲ್ಲ, ಲೆಕ್ಕ ತಪ್ಪು ಅಂದ್ರು, ಆದ್ರೂ 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಂತು. ಕ್ರೂಗರ್ ಅಷ್ಟೊತ್ತಿಗೆ ತೀರಿಕೊಂಡಿದ್ರು.

ಜರ್ಮನಿ 2015ರಲ್ಲಿ ಮೊದಲನೇ ಸಲ ಇಡೀ ದೇಶಕ್ಕೆ ಗಂಟೆಗೆ 8.50 ಯೂರೋ ಅಂತ ಮಾಡ್ದಾಗ ಲಕ್ಷಗಟ್ಟಲೆ ಕೆಲಸ ಹೋಗುತ್ತೆ ಅಂತ ಬೊಬ್ಬೆ ಹೊಡೆದ್ರು, ಹಂಗಾಗ್ಲಿಲ್ಲ, ಕಮ್ಮಿ ಕೊಡೋ ಸಣ್ಣ ಕಂಪನಿ ಬಿಟ್ಟು ಜನ ಸ್ವಲ್ಪ ಚೆನ್ನಾಗಿ ನಡೆಯೋ ಕಂಪನಿಗೆ ಹೋದ್ರು.

ಆದ್ರೆ ಬರೀ ಒಂದು ಕಡೆ ಮಾತಾಡಿದ್ರೆ ಮೋಸ ಆಗುತ್ತೆ. ಅಮೆರಿಕದ ಸಿಯಾಟಲ್ ಊರಲ್ಲಿ 13 ಡಾಲರ್ ತನಕ ಏರಿಸ್ದಾಗ ಅಲ್ಲಿನ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಹೇಳಿದ್ದು, ಕೆಲಸದ ಗಂಟೆ ಕಮ್ಮಿ ಮಾಡಿದ್ರು, ಕಮ್ಮಿ ಕೂಲಿಯವರ ತಿಂಗಳ ಸಂಪಾದನೆನೇ ಇಳೀತು ಅಂತ. ಅದೇ ಊರಿನ ಹೋಟೆಲ್ ನೋಡಿದ ಬೇರೆ ತಂಡ ಹಂಗೇನಿಲ್ಲ ಅಂತು. ಇನ್ನೂ ಹಿಂದೆ ಹೋದ್ರೆ, 1938ರಲ್ಲಿ ಅಮೆರಿಕ ಇಡೀ ದೇಶಕ್ಕೆ ಗಂಟೆಗೆ 25 ಸೆಂಟ್ ಅಂತ ಮಾಡಿ ಅದನ್ನೇ ಬಡ ದ್ವೀಪ ಪೋರ್ಟೋರಿಕೋಕ್ಕೂ ಹಾಕ್ತು, ಅಲ್ಲಿ ಮನೆಯಲ್ಲಿ ಕೂತು ಹೊಲಿಗೆ ಕಸೂತಿ ಮಾಡೋರ ಕೂಲಿ ಅದರ ಹತ್ರಕ್ಕೂ ಇರ್ಲಿಲ್ಲ, ಆ ಕೆಲಸವೇ ಕುಸಿದು ಬಿತ್ತು, ಎರಡು ವರ್ಷದಲ್ಲಿ ಅವರಿಗೆ ಬೇರೆ ದರ ಮಾಡ್ಬೇಕಾಯ್ತು. ಅಂದ್ರೆ ಊರಿನ ಸಾಮಾನ್ಯ ಕೂಲಿಗೂ ಹೊಸ ದರಕ್ಕೂ ಎಷ್ಟು ದೂರ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಅದಕ್ಕೇ ಬೆಂಗಳೂರಿಗೊಂದು, ಸೊರಬಕ್ಕೊಂದು ವಲಯ ಇರೋದು. ನನ್ನ ಅಭಿಪ್ರಾಯ ಕೇಳಿದ್ರೆ ವಲಯ ಇರ್ಲಿ, ಆದ್ರೆ ಅಂತರ ಕಮ್ಮಿ ಇರ್ಲಿ, ಸೊರಬದಲ್ಲಿ ಗ್ಯಾಸ್ ಸಿಲಿಂಡರೇನು ಅಗ್ಗ ಅಲ್ಲ.

ಕೂಲಿ ಏರಿಸಿದ್ರೂ ಕೆಲಸ ಹೋಗದೇ ಇರೋಕೆ ಹೇಗೆ ಸಾಧ್ಯ? ನಂಗೆ ತಲೆಗೇ ಹೋಗ್ತಿಲ್ಲ.

ಹಿಂಗೆ ನೋಡಿ. ಒಂದು ಹಳ್ಳಿಯಿಂದ ಬಸ್ ಸಿಗೋ ದೂರದಲ್ಲಿ ಇರೋದು ಒಂದೇ ಫ್ಯಾಕ್ಟರಿ. ಬೆಳಿಗ್ಗೆ ಫ್ಯಾಕ್ಟರಿ ಬಸ್ಸೇ ಬಂದು ಕರ್ಕೊಂಡು ಹೋಗುತ್ತೆ, ಸಂಜೆ ತಂದು ಬಿಡುತ್ತೆ. ಆ ಹೆಣ್ಣುಮಗಳಿಗೆ ಅತ್ತೆ ಮಾವ, ಸ್ಕೂಲಿಗೆ ಹೋಗೋ ಮಗು, ಬೇರೆ ಊರಿಗೆ ಹೋಗೋಕಾಗಲ್ಲ. ಫ್ಯಾಕ್ಟರಿಗೆ ಇದು ಗೊತ್ತು. ಆಕೆ ದುಡಿದು ಕೊಡೋದಕ್ಕಿಂತ ಕಮ್ಮಿ ಕೊಟ್ರೂ ಆಕೆ ಬಿಟ್ಟು ಹೋಗಲ್ಲ. ಕೊಳ್ಳೋನು ಒಬ್ಬನೇ ಇದ್ದಾಗ ಮಾರೋನ ಗತಿ ಏನು ಅಂತ ಅಡಿಕೆ ಬೆಳೆಗಾರರಿಗೆ ನಾನು ಹೇಳ್ಬೇಕಾ, ಮಂಡಿಗೆ ಹೋಗೋಕಾಗ್ದೆ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಚೀಲ ಎತ್ತಿಕೊಟ್ಟೋರೇ ಎಲ್ಲಾ. ಅಂಥಾ ಕಡೆ ಸರ್ಕಾರ ದರ ಏರಿಸಿದ್ರೆ ಫ್ಯಾಕ್ಟರಿ ಲಾಭದಲ್ಲಿ ಸ್ವಲ್ಪ ಈ ಕಡೆ ಬರುತ್ತೆ, ಕೆಲಸ ಹೋಗಲ್ಲ. ಜೋನ್ ರಾಬಿನ್ಸನ್ ಅನ್ನೋ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞೆ 1933ರಲ್ಲೇ ಇದನ್ನ ಬಿಡಿಸಿ ಬರೆದಿದ್ರು.

ಮತ್ತೊಂದು, ಸಂಬಳ ಸಾಲದೆ ಆರಾರು ತಿಂಗಳಿಗೆ ಜನ ಬಿಟ್ಟು ಹೋದ್ರೆ ಹೊಸಬರಿಗೆ ಕಲಿಸೋ ಖರ್ಚು ಮಾಲೀಕರದ್ದೇ. ಆ ಖರ್ಚು ಯಾವ ಪುಸ್ತಕದಲ್ಲೂ ಬರೆಯಲ್ಲ, ಅದಕ್ಕೇ ಕಾಣಲ್ಲ.

ಸಣ್ಣ ಹೋಟೆಲ್ ನನ್ನದು. ನಾನು ಎಲ್ಲಿಂದ ತರ್ಲಿ?

ನಿಮ್ಮ ಕಷ್ಟ ಸುಳ್ಳಲ್ಲ. ಲೆಕ್ಕ ಹಾಕೋಣ. ಆರು ಜನ ಕೆಲಸಕ್ಕಿದಾರೆ, ಒಬ್ಬೊಬ್ಬರಿಗೆ ತಿಂಗಳಿಗೆ ಮೂರು ಸಾವಿರ ಜಾಸ್ತಿ ಆಯ್ತು ಅಂತಿಟ್ಕೊಳ್ಳಿ, 18 ಸಾವಿರ. ದಿನಕ್ಕೆ ಮುನ್ನೂರು ಗಿರಾಕಿ, ತಿಂಗಳಿಗೆ ಒಂಬತ್ತು ಸಾವಿರ. ಗಿರಾಕಿಗೆ ಎರಡು ರೂಪಾಯಿ. ಎಣ್ಣೆ ರೇಟು ಏರ್ದಾಗ ಮಸಾಲೆ ದೋಸೆಗೆ ಐದು ರೂಪಾಯಿ ಏರಿಸಿ ಬೋರ್ಡ್ ಬದಲಾಯ್ಸಿದ್ರಲ್ಲ, ಅವತ್ತು ಯಾರೂ ಹೋಟೆಲ್ ಮುಚ್ಚುತ್ತೆ ಅನ್ಲಿಲ್ಲ.

ತೊಂದ್ರೆ ಇರೋದು ಬೇರೆ ಕಡೆ. ನೀವು ಏರಿಸಿ, ಎದುರಿನೋರು ಕೂಲಿ ಕದ್ದು ಹಳೇ ರೇಟಲ್ಲೇ ದೋಸೆ ಕೊಟ್ರೆ ನಿಮ್ಮ ಗಿರಾಕಿ ಅಲ್ಲಿಗೆ ಹೋಗ್ತಾರೆ. ಕಾನೂನು ಪಾಲಿಸೋರಿಗೆ ನಿಜವಾದ ಶತ್ರು ದರ ಅಲ್ಲ, ಪಾಲಿಸ್ದೇ ಇರೋ ಪಕ್ಕದವ. ಅದಕ್ಕೇ ಎಲ್ಲರಿಗೂ ಒಂದೇ ದಿನ ಒಂದೇ ದರ, ಮತ್ತೆ ಅದನ್ನ ನೋಡೋಕೆ ಬರೋ ಇನ್‌ಸ್ಪೆಕ್ಟರು, ಎರಡೂ ಬೇಕು.

ಇನ್ನು "ನಂಗೆ ಶಕ್ತಿ ಇಲ್ಲ" ಅನ್ನೋ ವಾದ ಕೋರ್ಟಲ್ಲಿ ನಡೆಯಲ್ಲ. ಕನಿಷ್ಠ ಕೂಲಿನೂ ಕೊಡಲಾಗದ ಉದ್ಯಮಕ್ಕೆ ಇರೋ ಹಕ್ಕೇ ಇಲ್ಲ ಅನ್ನೋ ಅರ್ಥದ ಮಾತನ್ನ ಸುಪ್ರೀಂ ಕೋರ್ಟು 1958ರಲ್ಲೇ ಹೇಳಿದೆ. 1982ರಲ್ಲಿ ಏಷ್ಯಾಡ್ (ದೆಹಲಿಯ ಏಷ್ಯನ್ ಗೇಮ್ಸ್) ಕಾಮಗಾರಿ ಕೂಲಿಯವರ ಕೇಸಲ್ಲಂತೂ ಕನಿಷ್ಠಕ್ಕಿಂತ ಕಮ್ಮಿ ಕೊಟ್ಟು ದುಡಿಸೋದು ಸಂವಿಧಾನದ 23ನೇ ವಿಧಿ ಪ್ರಕಾರ ಬಲವಂತದ ದುಡಿಮೆ ಅಂದ್ಬಿಡ್ತು. ನಮ್ಮ ಭಾಷೇಲಿ ಬಿಟ್ಟಿ ಚಾಕರಿ.

ಎಲ್ಲಾ ರೇಟೂ ಏರಿಬಿಡುತ್ತಲ್ಲ, ಆಮೇಲೆ ಕೂಲಿ ಏರಿ ಏನು ಪ್ರಯೋಜನ?

ಸ್ವಲ್ಪ ಏರುತ್ತೆ, ಎಲ್ಲಾ ಏರಲ್ಲ. ಪೆಟ್ರೋಲಿಗೂ ಅಕ್ಕಿಗೂ ಶಿವಮೊಗ್ಗದ ಸೆಕ್ಯುರಿಟಿ ಗಾರ್ಡಿನ ಸಂಬಳಕ್ಕೂ ಸಂಬಂಧ ಇಲ್ಲ. ಮತ್ತೆ ಆ ಗಾರ್ಡು ಜಾಸ್ತಿ ಬಂದ ದುಡ್ಡನ್ನ ಷೇರಿಗೆ ಹಾಕಲ್ಲ, ಇಲ್ಲೇ ಕಿರಾಣಿ ಅಂಗಡಿಗೆ, ಮಗಳ ಟ್ಯೂಷನ್ನಿಗೆ, ಕೈಸಾಲ ತೀರಿಸೋಕೆ ಹಾಕ್ತಾನೆ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ಜೋರಾಗಿದ್ದಾಗ ಸಂಬಳದ ವಾರ ಪೇಟೆ ಹೆಂಗಿರ್ತಿತ್ತು ಅಂತ ಅಲ್ಲಿನ ಹಳೇ ಅಂಗಡಿಯವರನ್ನ ಕೇಳಿ.

ಜಾಸ್ತಿ ಆದ್ರೆ ಇಎಸ್‌ಐ ಹೋಗುತ್ತೆ ಅಂತಾರೆ?

ಹೌದು, ಇದು ಯಾರೂ ಗಮನಿಸದ ಗುಂಡಿ. ಇಎಸ್‌ಐ ಸಿಗೋಕೆ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ, 2017ರ ಜನವರಿಯಲ್ಲಿ ಮಾಡಿದ್ದು. ನಿಮ್ಮ ಪಾಲು ಶೇಕಡಾ 0.75, ಮಾಲೀಕರದ್ದು 3.25. ಸಂಬಳ 20,900 ಇದ್ದಾಗ ನಿಮ್ಮಿಂದ 157 ರೂಪಾಯಿ ಕಟ್ ಆಗಿ ಮನೆಮಂದಿಗೆಲ್ಲ ಆಸ್ಪತ್ರೆ, ಹೆರಿಗೆಗೆ 26 ವಾರ ಸಂಬಳ ಇರುತ್ತೆ. 21,100 ಆದ ಮೇಲೆ, ನಡೀತಿರೋ ಆರು ತಿಂಗಳ ವಂತಿಗೆ ಅವಧಿ ಮುಗಿದ್ರೆ ವಂತಿಗೆ ನಿಲ್ಲುತ್ತೆ, ಆಮೇಲೆ ಸ್ವಲ್ಪ ತಿಂಗಳಲ್ಲಿ ಅದೆಲ್ಲಾ ಬಂದ್. ಇನ್ನೂರು ರೂಪಾಯಿ ಏರಿಕೆಗೆ ಇಡೀ ಆಸ್ಪತ್ರೆ ಹೋಯ್ತು. ಕೂಲಿ ಏರಿಸೋ ಕೈ ಈ ಮಿತೀನೂ ಏರಿಸ್ಬೇಕು, ಆದ್ರೆ ಕೂಲಿ ರಾಜ್ಯದ್ದು, ಮಿತಿ ಕೇಂದ್ರದ್ದು.

ಅಲೋವೆನ್ಸ್ ಎಲ್ಲಾ ಸೇರಿಸಿ ಕನಿಷ್ಠ ಮುಟ್ಟಿಸಿದ್ರೆ ನಡೆಯುತ್ತಾ?

ಮೂಲ ದರ ಮತ್ತು ತುಟ್ಟಿಭತ್ಯೆ ಮುಖ್ಯ. ಮಾಲೀಕರು ಕಟ್ಟೋ ಪಿಎಫ್, ಓವರ್‌ಟೈಮು, ಪ್ರಯಾಣಭತ್ಯೆ ಇವನ್ನ ಸೇರಿಸಿ "ಕೊಟ್ಟಾಯ್ತು" ಅನ್ನೋ ಹಾಗಿಲ್ಲ. ಹೊಸ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದ್ರೆ ದಾಟಿದ್ದನ್ನ ವೇತನ ಅಂತಲೇ ಲೆಕ್ಕ ಹಿಡೀತಾರೆ. ಕೈಗೆ ಬರೋದು ಸ್ವಲ್ಪ ಕಮ್ಮಿ ಕಾಣ್ಬಹುದು, ಪಿಎಫ್ ಜಾಸ್ತಿ ಆಗಿರುತ್ತೆ.

ಆಶಾ, ಅಂಗನವಾಡಿ, ಬಿಸಿಯೂಟದವರಿಗೆ ಯಾಕಿಲ್ಲ?

ಅವರಿಗೆ ಕೊಡೋದು ಸಂಬಳ ಅಲ್ವಂತೆ, ಗೌರವಧನ ಅಂತೆ. ಹೆಸರು ಬದಲಾಯ್ಸಿದ್ರೆ ಆಯ್ತು. ಬೇರೆಯವರಿಗೆ ಗೆರೆ ಎಳೆಯೋ ಸರ್ಕಾರನೇ ತನ್ನ ಕೊಳಗಕ್ಕೆ ಬೇರೆ ಹೆಸರಿಟ್ಕೊಂಡಿದೆ. ಉದ್ಯೋಗ ಖಾತ್ರಿ ಕೂಲೀನೂ ಹಂಗೇ, 2025-26ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ ಇತ್ತು, ಮೇಲೆ ಹೇಳಿದ ಕರಡಿನ 743ರಲ್ಲಿ ಹೆಚ್ಚುಕಮ್ಮಿ ಅರ್ಧ.

ಕೂಲಿ ಏರಿದ್ರೆ ಮಷಿನ್ ಬರುತ್ತೆ ಅಂತಾರಲ್ಲ?

ಮಷಿನ್ ಆಗ್ಲೇ ಬಂದಾಯ್ತು. ಅಡಿಕೆ ಸುಲಿಯೋ ಮಷಿನ್ ಇದೆ, ನೆಲದಲ್ಲೇ ನಿಂತು ಕೊನೆ ಇಳಿಸೋ ಕಾರ್ಬನ್ ಫೈಬರ್ ದೋಟಿ ಇದೆ. ಅದು ಬಂದಿದ್ದು ಆಳು ಇಲ್ಲದ್ದಕ್ಕೆ, ಮರ ಹತ್ತೋ ಹುಡುಗರು ಬೇಡ ಅಂದಿದ್ದಕ್ಕೆ, ಬಿದ್ದು ಸೊಂಟ ಮುರ್ಕೊಂಡೋರನ್ನ ನೋಡಿ ಹೆದರಿದ್ದಕ್ಕೆ. ದೋಟಿ ಬಂದಿದ್ದು ಒಳ್ಳೇದೇ ಆಯ್ತು.

ಕಮ್ಮಿ ಕೊಟ್ರೆ ಯಾರಿಗೆ ಹೇಳ್ಬೇಕು? ಕೆಲಸದಿಂದ ತೆಗೆದ್ರೆ?

ಕಾರ್ಮಿಕ ಇಲಾಖೆಗೆ ಅರ್ಜಿ. ನೀವೇ ಕೊಡ್ಬಹುದು, ಯೂನಿಯನ್ ಮೂಲಕನೂ ಕೊಡ್ಬಹುದು. ಹಳೇ ಕಾಯ್ದೆಯಲ್ಲಿ ಆರು ತಿಂಗಳೊಳಗೆ ಕೊಡ್ಬೇಕಿತ್ತು, ಹೊಸದರಲ್ಲಿ ಮೂರು ವರ್ಷ. ಬಾಕಿ ಜೊತೆಗೆ ಅದರ ಹತ್ತು ಪಟ್ಟು ತನಕ ಪರಿಹಾರ ಕೊಡಿಸೋ ಅಧಿಕಾರ ಇದೆ. ಕೊಟ್ಟಿದೀನಿ ಅಂತ ಸಾಬೀತು ಮಾಡೋ ಹೊಣೆ ಮಾಲೀಕರದ್ದು, ಕೊಟ್ಟಿಲ್ಲ ಅಂತ ನೀವು ಸಾಬೀತು ಮಾಡ್ಬೇಕಿಲ್ಲ. ದಂಡ 50 ಸಾವಿರದ ತನಕ, ಐದು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದ್ರೆ ಮೂರು ತಿಂಗಳ ತನಕ ಜೈಲು ಅಥವಾ ಒಂದು ಲಕ್ಷದ ತನಕ ದಂಡ, ಇಲ್ಲಾ ಎರಡೂ.

ಕೆಲಸದಿಂದ ತೆಗೆಯೋ ಭಯ ನಿಜ, ಅದಕ್ಕೆ ನನ್ನ ಹತ್ರ ಸಿಹಿ ಮಾತಿಲ್ಲ. ಒಂದು ಅಭ್ಯಾಸ ಮಾತ್ರ ಇಟ್ಕೊಳ್ಳಿ, ಕ್ಯಾಲೆಂಡರಲ್ಲಿ ದಿನಾ ಬಂದ ಹೊತ್ತು, ಹೋದ ಹೊತ್ತು ಬರೀರಿ, ಹಾಲಿನ ಲೆಕ್ಕದ ಪಕ್ಕದಲ್ಲೇ. ಸ್ಲಿಪ್ಪಿನ ಫೋಟೋ ತೆಗೆದು ಮಗನ ಫೋನಿಗೂ ಕಳಿಸಿಡಿ.

ಗಂಡಾಳು ಹೆಣ್ಣಾಳಿಗೆ ಬೇರೆ ಬೇರೆ ಕೊಡ್ಬಹುದಾ? ನಿಮ್ಮ ತೋಟದಲ್ಲಿ ಎಷ್ಟು ಕೊಡ್ತೀರಿ?

ಕೊಡೋ ಹಾಗಿಲ್ಲ, 1976ರಿಂದ ಸಮಾನ ವೇತನದ ಕಾನೂನಿತ್ತು, ಈಗ ಹೊಸ ಸಂಹಿತೆಯಲ್ಲೂ ಅದಿದೆ. ಕೊನೆ ಇಳಿಸೋದಕ್ಕೆ ಬೇರೆ ದರ ಸರಿ, ಅದು ಬೇರೆ ಕೆಲಸ. ಒಂದೇ ಸಾಲಲ್ಲಿ ನಿಂತು ಸೊಪ್ಪು ಹೊತ್ತು ಬುಡಕ್ಕೆ ಹಾಕೋದಕ್ಕೆ ಬೇರೆ ದರ ತಪ್ಪು. ಹಿಂಗೆ ಹೇಳೋ ನಾನೇ ಎರಡು ವರ್ಷದ ಹಿಂದಿನ ತನಕ ಗಂಡಸರಿಗೆ 600, ಹೆಂಗಸರಿಗೆ 400 ಕೊಡ್ತಿದ್ದೆ. ಊರಲ್ಲಿ ಎಲ್ಲರೂ ಕೊಡೋದು ಹಂಗೆ, ನಾನೊಬ್ಬ ಏರಿಸಿದ್ರೆ ಪಕ್ಕದ ತೋಟದವರು ಬೈತಾರೆ ಅನ್ನೋದು ನನ್ನ ನೆಪ. ಒಂದು ದಿನ ಸೊಪ್ಪಿನ ಹೊರೆ ತೂಗಿ ನೋಡ್ದೆ, ಸುಮ್ಮನೆ ಕುತೂಹಲಕ್ಕೆ. ಹೊರೆಯಲ್ಲಿ ಇನ್ನೂರು ರೂಪಾಯಿ ವ್ಯತ್ಯಾಸ ಕಾಣ್ಲಿಲ್ಲ. ಏರಿಸ್ದೆ, ಪಕ್ಕದವರು ಬೈದ್ರು, ಈಗ ಅವರೂ ಐನೂರಕ್ಕೆ ಬಂದಿದಾರೆ.

ಡಬ್ಬದ ವಿಷಯಕ್ಕೆ ಈ ಸಲ ಎಲ್ಲಾ ಡಬ್ಬದ ಒಳಗಡೆ ಕೆಂಪು ಪೇಂಟಲ್ಲಿ ಗೆರೆ ಎಳೆದಿದೀನಿ, ಅಲ್ಲಿಗೆ ಬಂದ್ರೆ ತುಂಬಿದ ಹಾಗೆ, ಗೋಪುರ ಇಲ್ಲ, ಕುಲುಕೋದಿಲ್ಲ. ಮೊದಲನೇ ರಾತ್ರಿ ಎಲ್ಲರಿಗಿಂತ ಹಿರಿಯ ಹೆಂಗಸು ಡಬ್ಬ ಎತ್ತಿ ದೀಪಕ್ಕೆ ಹಿಡಿದು ನೋಡಿ, "ಗೆರೆ ಒಂದು ಬೆರಳು ಮೇಲಾಯ್ತಲ್ಲಾ ಹೆಗ್ಡೇರೆ" ಅಂದ್ರು. ಮತ್ತೆ ಪೇಂಟ್ ಡಬ್ಬ ತೆಗೀಬೇಕಾಯ್ತು.